ಒಂದೇ ಬೋರ್ಡಿನಲ್ಲಿ ಜಿಪಿಎಸ್ ಮತ್ತು ಚಲನೆಯ ಸೆನ್ಸರ್‌ಗಳು: ರಾಸ್ಪ್‌ಬೆರಿ ಪೈಗಾಗಿ ಬಂದಿರುವ ಬೆರಿಜಿಪಿಎಸ್-ಐಎಂಯು ಕುರಿತು

ರಾಸ್ಪ್‌ಬೆರಿ ಪೈನಂಥ ಪುಟ್ಟ ಕಂಪ್ಯೂಟರಿಗೆ ಜಿಪಿಎಸ್ ಜೋಡಿಸಿ ವಾಹನದ ಜಾಡನ್ನು ದಾಖಲಿಸಲು ಹೊರಟವರಿಗೆ ಮೊದಲ ಫಲ ಬೇಗನೆ ಸಿಗುತ್ತದೆ. ನಕ್ಷೆಯ ಮೇಲೆ ಚುಕ್ಕೆಗಳು ಸಾಲುಗಟ್ಟಿ ಮೂಡುತ್ತವೆ. ಆದರೆ ನಿಂತ ವಾಹನ ಯಾವ ದಿಕ್ಕಿಗೆ ಮುಖ ಮಾಡಿದೆ, ತಿರುವಿನಲ್ಲಿ ಎಷ್ಟು ವಾಲಿತು, ಚಕ್ರ ಹೊಂಡಕ್ಕೆ ಬಿದ್ದಾಗ ಎಷ್ಟು ಬಲವಾಗಿ ಕುಲುಕಿತು ಎಂಬ ಪ್ರಶ್ನೆಗಳಿಗೆ ಜಿಪಿಎಸ್ ಒಂದರಿಂದಲೇ ಉತ್ತರ ದೊರೆಯುವುದಿಲ್ಲ. ವೇಗದ ಬದಲಾವಣೆಯನ್ನು ಅಳೆಯುವ ಆಕ್ಸೆಲೆರೊಮೀಟರ್, ತಿರುಗುವ ವೇಗವನ್ನು ಅಳೆಯುವ ಗೈರೋಸ್ಕೋಪ್, ದಿಕ್ಸೂಚಿಯಂಥ ಕಾಂತಮಾಪಕ, ಇವು ಆ ಪ್ರಶ್ನೆಗಳಿಗೆ ಉತ್ತರ ಹುಡುಕಲು ನೆರವಾಗಬಲ್ಲವು, ಆದರೆ ತಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂಬುದು ಅವುಗಳಿಗೆ ತಿಳಿಯದು. ಈ ಎರಡು ಬಗೆಯ ಸೆನ್ಸರ್‌ಗಳನ್ನೂ ಒಂದೇ ಬೋರ್ಡಿನ ಮೇಲೆ ಕೂರಿಸಿ, ಪೈನ ಪಿನ್‌ಗಳ ಮೇಲೆ ನೇರವಾಗಿ ಸಿಕ್ಕಿಸುವಂತೆ ಮಾಡಿರುವ ಉತ್ಪನ್ನಗಳಲ್ಲಿ ಹವ್ಯಾಸಿಗಳಿಗೆ ಹೆಚ್ಚು ಪರಿಚಿತವಾದುದು ಓಜ್‌ಮೇಕರ್ ಸಂಸ್ಥೆಯ ಬೆರಿಜಿಪಿಎಸ್-ಐಎಂಯು. ಅದರ ನಾಲ್ಕನೆಯ ಆವೃತ್ತಿಯನ್ನು ನಾನು ಮುಖ್ಯವಾಗಿ ಮೋಟಾರ್‌ಸೈಕಲ್ಲಿನ ಮೇಲೆ, ಬೆಂಗಳೂರಿನ ರಸ್ತೆಗಳಲ್ಲೂ ಪಶ್ಚಿಮ ಘಟ್ಟದ ತಿರುವುಗಳಲ್ಲೂ ಬಳಸಿ ನೋಡಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಬೋರ್ಡಿನ ಮೇಲೆ ಇರುವುದು ನಾಲ್ಕು ಮುಖ್ಯ ಚಿಪ್‌ಗಳು. ಸ್ಥಾನ ನಿರ್ಣಯಕ್ಕೆ ಯು-ಬ್ಲಾಕ್ಸ್ ಕಂಪನಿಯ ಸಿಎಎಂ-ಎಂ8ಸಿ ಎಂಬ ಮಾಡ್ಯೂಲ್ ಇದೆ. ಆಂಟೆನಾ ಅದರೊಳಗೇ ಅಡಕವಾಗಿದೆ, ಹೊರಗಿನ ಆಂಟೆನಾ ಬೇಕೆನ್ನುವವರಿಗೆ ಪ್ರತ್ಯೇಕ ಕನೆಕ್ಟರ್ ಕೂಡ ಇದೆ. ವೇಗೋತ್ಕರ್ಷವನ್ನೂ ತಿರುಗುವ ವೇಗವನ್ನೂ ಅಳೆಯಲು ಎಸ್‌ಟಿ ಕಂಪನಿಯ ಎಲ್‌ಎಸ್‌ಎಂ6ಡಿಎಸ್‌ಎಲ್, ಕಾಂತಕ್ಷೇತ್ರವನ್ನು ಅಳೆಯಲು ಅದೇ ಕಂಪನಿಯ ಎಲ್‌ಐಎಸ್3ಎಂಡಿಎಲ್, ಗಾಳಿಯ ಒತ್ತಡಕ್ಕೆ ಬಾಷ್ ಕಂಪನಿಯ ಬಿಎಂಪಿ388 ಇವೆ. ಜಿಪಿಎಸ್ ಸೀರಿಯಲ್ ಪೋರ್ಟಿನ ಮೂಲಕ ಮಾತಾಡುತ್ತದೆ, ಉಳಿದ ಮೂರೂ ಐ2ಸಿ ಎಂಬ, ಹಲವು ಚಿಪ್‌ಗಳು ಹಂಚಿಕೊಳ್ಳುವ ತಂತಿಗಳ ಮೇಲೆ ಬೇರೆ ಬೇರೆ ವಿಳಾಸಗಳಲ್ಲಿ ಕುಳಿತಿವೆ. ಬೆಸುಗೆಯ ಗೊಡವೆಯಿಲ್ಲ, ಜಂಪರ್ ತಂತಿಗಳ ಗೋಜಲಿಲ್ಲ. ಮೋಟಾರ್‌ಸೈಕಲ್ಲಿನಂತೆ ಸದಾ ಅದುರುವ ಜಾಗದಲ್ಲಿ ಇದು ಸಣ್ಣ ಅನುಕೂಲವಲ್ಲ, ಏಕೆಂದರೆ ಸಡಿಲವಾದ ಜಂಪರ್ ತಂತಿಯಿಂದ ಐ2ಸಿ ಸಂಪರ್ಕ ಕ್ಷಣಕಾಲ ತಪ್ಪಿದರೂ ಓದುತ್ತಿರುವ ಪ್ರೋಗ್ರಾಂ ನಿಂತುಹೋಗುತ್ತದೆ, ಮತ್ತು ಅದು ಗೊತ್ತಾಗುವುದು ಮನೆಗೆ ಬಂದು ದಾಖಲೆ ತೆರೆದಾಗ.

ಕೊಳ್ಳುವವರು ಮೊದಲೇ ತಿಳಿದಿರಬೇಕಾದ ಮುಖ್ಯ ವಿಷಯವೊಂದಿದೆ. ಈ ಬೋರ್ಡು ಜಿಪಿಎಸ್ಸನ್ನೂ ಚಲನೆಯ ಸೆನ್ಸರ್‌ಗಳನ್ನೂ ಅಕ್ಕಪಕ್ಕದಲ್ಲಿ ಇಡುತ್ತದೆಯೇ ಹೊರತು ಅವುಗಳ ಅಳತೆಗಳನ್ನು ಬೆಸೆಯುವುದಿಲ್ಲ. ಒಂದು ಕಡೆಯಿಂದ ಅಕ್ಷಾಂಶ ರೇಖಾಂಶಗಳ ಸಾಲುಗಳು ಬರುತ್ತವೆ, ಇನ್ನೊಂದು ಕಡೆಯಿಂದ ಸೆನ್ಸರ್‌ಗಳ ಕಚ್ಚಾ ಅಂಕಿಗಳು ಬರುತ್ತವೆ. ಒಂದರಿಂದ ಇನ್ನೊಂದರ ಕೊರತೆಯನ್ನು ತುಂಬುವ ಗಣಿತವನ್ನು ಪೈನಲ್ಲಿ ಓಡುವ ಪ್ರೋಗ್ರಾಂ ಮಾಡಬೇಕು, ಆ ಪ್ರೋಗ್ರಾಮನ್ನು ಬರೆಯುವವರು ನಾವು. ತಯಾರಕರು ಕೊಡುವ ಪೈಥಾನ್ ಮತ್ತು ಸಿ ಮಾದರಿಗಳು ಆಕ್ಸೆಲೆರೊಮೀಟರ್ ಮತ್ತು ಗೈರೋಸ್ಕೋಪ್‌ಗಳನ್ನು ಎರಡರ ಅಂಕಿಗಳನ್ನೂ ತೂಗಿ ಬೆರೆಸುವ ಕಾಂಪ್ಲಿಮೆಂಟರಿ ಫಿಲ್ಟರ್ ಎಂಬ ಲೆಕ್ಕದಿಂದ ಕೂಡಿಸಿ ಓರೆಯ ಕೋನವನ್ನು ತೋರಿಸುತ್ತವೆ, ವಿವರಣೆಯೂ ಆರಂಭಿಕರಿಗೆ ಅರ್ಥವಾಗುವಷ್ಟು ಸ್ಪಷ್ಟವಾಗಿದೆ. ಆದರೆ ಜಿಪಿಎಸ್ ಹೇಳುವ ವೇಗವನ್ನು ಆ ಲೆಕ್ಕದೊಳಗೆ ತರುವುದು ಓದುಗರ ಪಾಲಿನ ಕೆಲಸ. ನನ್ನ ಅಭಿಪ್ರಾಯದಲ್ಲಿ ಈ ಬೋರ್ಡಿನ ಬೆಲೆ ಸಾರ್ಥಕವಾಗುವುದು ಆ ಕೆಲಸಕ್ಕೆ ಕೈ ಹಾಕುವವರಿಗೆ ಮಾತ್ರ.

ಅದು ಏಕೆ ಎಂಬುದಕ್ಕೆ ಘಟ್ಟದ ತಿರುವಿಗಿಂತ ಒಳ್ಳೆಯ ನಿದರ್ಶನ ಸಿಗದು. ಆಗುಂಬೆ ಘಾಟಿಯ ತಿರುವೊಂದರಲ್ಲಿ ಮೋಟಾರ್‌ಸೈಕಲ್ ಒಳಗಡೆಗೆ ವಾಲುತ್ತದೆ. ಎಷ್ಟು ಡಿಗ್ರಿ ವಾಲಿತು ಎಂದು ಆಕ್ಸೆಲೆರೊಮೀಟರನ್ನು ಕೇಳಿದರೆ ಅದು ಹೆಚ್ಚುಕಡಿಮೆ ಸೊನ್ನೆ ಎನ್ನುತ್ತದೆ. ಇದು ಸೆನ್ಸರಿನ ದೋಷವಲ್ಲ. ಸವಾರ ವಾಹನವನ್ನು ವಾಲಿಸುವುದೇ ಗುರುತ್ವ ಮತ್ತು ತಿರುವಿನ ಹೊರಸೆಳೆತ ಎರಡೂ ಸೇರಿದ ಬಲ ನೇರವಾಗಿ ಟೈರಿನ ಮೂಲಕ ನೆಲಕ್ಕೆ ಇಳಿಯುವಂತೆ ಮಾಡುವುದಕ್ಕಾಗಿ. ವಾಹನದ ಮೇಲೆ ಕುಳಿತ ಸೆನ್ಸರಿಗೆ ಆ ಒಟ್ಟು ಬಲವೇ 'ಕೆಳಗೆ' ಎಂಬ ದಿಕ್ಕಾಗಿ ಕಾಣುತ್ತದೆ. ತುಂಬಿದ ನೀರಿನ ಲೋಟವನ್ನು ಬಕೆಟ್ಟಿನಲ್ಲಿಟ್ಟು ಗಿರ್ರನೆ ತಿರುಗಿಸಿದರೂ ನೀರು ಚೆಲ್ಲದಿರುವುದು ಇದೇ ಕಾರಣಕ್ಕೆ. ಕಾಂಪ್ಲಿಮೆಂಟರಿ ಫಿಲ್ಟರ್ ಇಂಥ ಸಂದರ್ಭದಲ್ಲಿ ಗೈರೋಸ್ಕೋಪಿನ ಸರಿಯಾದ ಉತ್ತರವನ್ನು ಆಕ್ಸೆಲೆರೊಮೀಟರಿನ ಸೊನ್ನೆಯ ಕಡೆಗೆ ಮೆಲ್ಲಗೆ ಎಳೆಯುತ್ತದೆ, ತಿರುವು ಉದ್ದವಾದಷ್ಟೂ ತಪ್ಪು ಬೆಳೆಯುತ್ತದೆ.

ಇಲ್ಲಿ ಜಿಪಿಎಸ್ ನೆರವಿಗೆ ಬರುತ್ತದೆ. ಅದು ಹೇಳುವ ವೇಗವನ್ನು ಗೈರೋಸ್ಕೋಪ್ ಹೇಳುವ ತಿರುಗುವ ವೇಗದಿಂದ (ಡಿಗ್ರಿಯಲ್ಲಲ್ಲ, ರೇಡಿಯನ್ನಿನಲ್ಲಿ) ಗುಣಿಸಿದರೆ ತಿರುವಿನ ಕೇಂದ್ರದ ಕಡೆಗಿನ ವೇಗೋತ್ಕರ್ಷ ಸಿಗುತ್ತದೆ. ಅದನ್ನು ಗುರುತ್ವದ 9.81ರಿಂದ ಭಾಗಿಸಿ, ಆ ಅನುಪಾತ ಯಾವ ಕೋನದ ಟ್ಯಾಂಜೆಂಟ್ ಎಂದು ನೋಡಿದರೆ ವಾಲಿದ ಕೋನ ತಿಳಿಯುತ್ತದೆ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸಾಗುತ್ತಾ ಸೆಕೆಂಡಿಗೆ ಸುಮಾರು 17 ಡಿಗ್ರಿಯಂತೆ ತಿರುಗುತ್ತಿದ್ದರೆ ವಾಲಿಕೆಯೂ ಸುಮಾರು 17 ಡಿಗ್ರಿ ಬರುತ್ತದೆ. ಟೈರಿನ ಅಗಲದಿಂದಾಗಿ ನಿಜವಾದ ಕೋನ ಇದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ, ಮತ್ತು ವಾಲಿದಾಗ ಬೋರ್ಡೂ ವಾಲುವುದರಿಂದ ಗೈರೋಸ್ಕೋಪಿನ ಎರಡು ಅಕ್ಷಗಳನ್ನು ಕೂಡಿಸಿ ಲೆಕ್ಕ ಹಾಕಬೇಕು. ಆದರೂ ಇದು ನಂಬಬಹುದಾದ ಉತ್ತರ. ಜಿಪಿಎಸ್ ಒಂದೇ ಇದ್ದರೆ ಇದು ಸಿಗುತ್ತಿರಲಿಲ್ಲ, ಚಲನೆಯ ಸೆನ್ಸರ್‌ಗಳಷ್ಟೇ ಇದ್ದರೂ ಸಿಗುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಕೊಳ್ಳಲು ಇದಕ್ಕಿಂತ ಬಲವಾದ ಕಾರಣವನ್ನು ನಾನು ಕಾಣೆ.

ಈ ಲೆಕ್ಕ ನಿಂತಿರುವುದು ಜಿಪಿಎಸ್ ಕೊಡುವ ವೇಗ ಎಷ್ಟು ನಿಖರ ಎಂಬುದರ ಮೇಲೆ. ಸ್ಥಾನದಲ್ಲಿ ಎರಡೂವರೆ ಮೀಟರಿನಷ್ಟು ತಪ್ಪು ಸಹಜವೆಂದು ಎಂ8 ಸರಣಿಯ ವಿವರಣಾ ಪತ್ರವೇ ಹೇಳುತ್ತದೆ. ಹಾಗಿರುವಾಗ ಎರಡು ಸ್ಥಾನಗಳ ವ್ಯತ್ಯಾಸದಿಂದ ವೇಗ ತೆಗೆದರೆ ನಿಂತ ವಾಹನವೂ ಓಡಾಡುವಂತೆ ಕಾಣುತ್ತದೆ. ಜಾಲದಲ್ಲಿ ಸಿಗುವ ಎಷ್ಟೋ ಮಾದರಿ ಪ್ರೋಗ್ರಾಂಗಳು ಹೀಗೆಯೇ ಮಾಡುತ್ತವೆ. ಆದರೆ ಜಿಪಿಎಸ್ ಮಾಡ್ಯೂಲ್ ತಾನೇ ಹೇಳುವ ವೇಗ ಸ್ಥಾನಗಳಿಂದ ಬಂದದ್ದಲ್ಲ, ಚಲನೆಯಿಂದಾಗಿ ಉಪಗ್ರಹದ ಸಂಕೇತದ ಆವರ್ತನದಲ್ಲಾಗುವ ಡಾಪ್ಲರ್ ಬದಲಾವಣೆಯಿಂದ ಬಂದದ್ದು. ಬಯಲಿನಲ್ಲಿ ಅದರ ತಪ್ಪು ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಆ ಅಂಕಿಯನ್ನೇ ಬಳಸಬೇಕು. ಇನ್ನೊಂದು ಉಪಯೋಗವೂ ಅದರಿಂದ ಆಗುತ್ತದೆ: ವೇಗ ಸೊನ್ನೆ ಎಂದು ಜಿಪಿಎಸ್ ಹೇಳಿದ ಕ್ಷಣಗಳಲ್ಲಿ ಗೈರೋಸ್ಕೋಪ್ ತೋರಿಸುವ ಅಂಕಿ ಅದರ ಹುಟ್ಟುತಪ್ಪು ಎಂದು ತಿಳಿದು, ಸರಾಸರಿ ತೆಗೆದು ಕಳೆದುಬಿಡಬಹುದು. ಹುಟ್ಟುತಪ್ಪು ಬಿಸಿಯೊಂದಿಗೆ ಬದಲಾಗುತ್ತದೆ, ಬೋರ್ಡು ಕುಳಿತಿರುವುದೋ ಬಿಸಿಯಾಗುವ ಪ್ರೊಸೆಸರಿನ ನೆತ್ತಿಯ ಮೇಲೆ; ಆದ್ದರಿಂದ ಹೊರಡುವಾಗ ಒಮ್ಮೆ ಸರಿಪಡಿಸಿದರೆ ಸಾಲದು. ಪ್ರತಿ ಸಿಗ್ನಲ್‌ನಲ್ಲಿ ನಿಂತಾಗಲೂ ತಾನಾಗಿ ಸರಿಪಡಿಸಿಕೊಳ್ಳುವಂತೆ ಪ್ರೋಗ್ರಾಂ ಬರೆದ ಮೇಲೆ ದಿಕ್ಕಿನ ಜಾರುವಿಕೆ ಕಣ್ಣಿಗೆ ಕಾಣುವಷ್ಟು ತಗ್ಗಿತು.

ಇದಕ್ಕೆ ಹೋಲಿಸಿದರೆ ಸುರಂಗದಲ್ಲಿ, ಮೇಲ್ಸೇತುವೆಯ ಕೆಳಗೆ ಜಿಪಿಎಸ್ ಸಂಕೇತ ತಪ್ಪಿದಾಗ ಆಕ್ಸೆಲೆರೊಮೀಟರೊಂದರಿಂದಲೇ ಸ್ಥಾನವನ್ನು ಮುಂದುವರಿಸುತ್ತೇನೆಂಬ ಆಸೆಯಿಂದ ಈ ಬೋರ್ಡನ್ನು ಕೊಳ್ಳುವವರಿಗೆ ನಿರಾಸೆ ಖಚಿತ. ವೇಗೋತ್ಕರ್ಷವನ್ನು ಎರಡು ಬಾರಿ ಕೂಡುತ್ತಾ ಹೋದರೆ ದೂರ ಬರುತ್ತದೆ ಎಂಬುದು ಪಠ್ಯಪುಸ್ತಕದ ಮಾತು, ನಿಜವೇ. ಆದರೆ ಬೋರ್ಡಿನ ಓರೆಯನ್ನು ಒಂದೇ ಒಂದು ಡಿಗ್ರಿ ತಪ್ಪಾಗಿ ಅಂದಾಜಿಸಿದರೂ ಗುರುತ್ವದ ಸಣ್ಣ ಪಾಲು, ಅಂದರೆ ಸೆಕೆಂಡಿನ ವರ್ಗಕ್ಕೆ 0.17 ಮೀಟರ್, ಸುಳ್ಳು ವೇಗೋತ್ಕರ್ಷವಾಗಿ ಒಳಗೆ ಸೇರುತ್ತದೆ. ಹತ್ತು ಸೆಕೆಂಡಿನಲ್ಲಿ ಅದು ಎಂಟೂವರೆ ಮೀಟರಿನ ತಪ್ಪು, ಒಂದು ನಿಮಿಷದಲ್ಲಿ ಮುನ್ನೂರು ಮೀಟರಿಗೂ ಹೆಚ್ಚು. ಈ ದರ್ಜೆಯ ಸೆನ್ಸರ್‌ಗಳಿಂದ ಓಡುವ ವಾಹನದಲ್ಲಿ ಒಂದು ಡಿಗ್ರಿಗಿಂತ ಕಡಿಮೆ ತಪ್ಪನ್ನು ಸದಾ ಕಾಯ್ದುಕೊಳ್ಳುವುದು ಕಷ್ಟ. ಚಕ್ರದ ಸುತ್ತುಗಳನ್ನು ಎಣಿಸುವ ಒಂದು ಹಾಲ್ ಸೆನ್ಸರನ್ನು ಪೈಗೆ ಜೋಡಿಸಿ, ದಿಕ್ಕನ್ನು ಗೈರೋಸ್ಕೋಪಿನಿಂದ ಪಡೆಯುವುದು ಇದಕ್ಕಿಂತ ಎಷ್ಟೋ ಮೇಲು.

ಮೋಟಾರ್‌ಸೈಕಲ್ಲಿನ ಎಂಜಿನ್ ಕಂಪನದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ ಸೆಕೆಂಡಿಗೆ ನೂರು ಬಾರಿ ಅದುರುತ್ತದೆ. ಚಿಪ್ಪನ್ನು ಅತಿ ವೇಗವಾಗಿ ಅಳೆಯುವಂತೆ ಹೊಂದಿಸಿ, ಪ್ರೋಗ್ರಾಂ ಮಾತ್ರ ಸೆಕೆಂಡಿಗೆ ನೂರು ಬಾರಿ ಬಂದು ಒಂದೊಂದೇ ಅಂಕಿಯನ್ನು ಹೆಕ್ಕಿಕೊಂಡು ಹೋದರೆ, ಪ್ರತಿ ಸಲವೂ ಕಂಪನದ ಒಂದೇ ಹಂತ ಕೈಗೆ ಸಿಕ್ಕಿ ಅದು ಸ್ಥಿರವಾದ ಓರೆಯಂತೆ ಕಾಣುತ್ತದೆ. ಎಲ್‌ಎಸ್‌ಎಂ6ಡಿಎಸ್‌ಎಲ್ ಚಿಪ್ಪಿನೊಳಗೆ ಫಿಲ್ಟರ್ ಇದೆ, 4 ಕಿಲೋಬೈಟಿನ ಸರದಿ ಸಂಗ್ರಹವೂ ಇದೆ. ಅಳತೆಯ ವೇಗವನ್ನು ಬೇಕಾದಷ್ಟಕ್ಕೇ ಮಿತಿಗೊಳಿಸಿ, ಫಿಲ್ಟರನ್ನು ಚಾಲೂ ಮಾಡಿ, ಆ ಸಂಗ್ರಹದಿಂದ ಒಟ್ಟೊಟ್ಟಾಗಿ ಓದಿಕೊಂಡರೆ ಈ ತೊಂದರೆಯೂ ಇಲ್ಲ, ಪೈನ ಕಾರ್ಯವ್ಯವಸ್ಥೆಯಾದ ಲಿನಕ್ಸ್ ನಡುವೆ ಬೇರೆ ಕೆಲಸಕ್ಕೆ ಹೋದಾಗ ಅಳತೆಗಳು ತಪ್ಪಿಹೋಗುವ ತೊಂದರೆಯೂ ಇಲ್ಲ. ಬೋರ್ಡಿನ ಕೆಳಗೆ ದಪ್ಪ ಫೋಮ್ ಹಾಕಿದರೆ ಸಾಕೆಂಬ ಸಲಹೆ ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ಫೋಮಿನಿಂದ ಉಪಯೋಗವಿದೆ, ಆದರೆ ಅದು ಮೆತ್ತಗಾದಷ್ಟೂ ಬೋರ್ಡು ತನ್ನಷ್ಟಕ್ಕೆ ತೂಗಾಡತೊಡಗುತ್ತದೆ.

ಪೈನ ಕಡೆಯಿಂದ ಎದುರಾಗುವ ತೊಡಕುಗಳಲ್ಲಿ ಮೊದಲನೆಯದು ಸೀರಿಯಲ್ ಪೋರ್ಟಿನದು. ಬ್ಲೂಟೂತ್ ಇರುವ ಪೈ 3, ಪೈ 4, ಪೈ ಝೀರೊ 2 ಡಬ್ಲ್ಯು ಮಾದರಿಗಳಲ್ಲಿ ಪೂರ್ಣ ಸಾಮರ್ಥ್ಯದ ಸೀರಿಯಲ್ ಪೋರ್ಟು ಬ್ಲೂಟೂತ್‌ಗೆ ಮೀಸಲಾಗಿ, ಪಿನ್‌ಗಳಿಗೆ ಮಿನಿ ಯುಎಆರ್‌ಟಿ ಎಂಬ ಸರಳ ಪೋರ್ಟು ಉಳಿದಿರುತ್ತದೆ. ಅದರ ವೇಗ ಪ್ರೊಸೆಸರಿನ ಒಳಗಡಿಯಾರಕ್ಕೆ ಕಟ್ಟುಬಿದ್ದದ್ದು. ಜೊತೆಗೆ ಲಿನಕ್ಸ್ ತನ್ನ ಲಾಗಿನ್ ಕನ್ಸೋಲನ್ನು ಆ ಪೋರ್ಟಿನ ಮೇಲೆಯೇ ತೆರೆದಿಟ್ಟಿದ್ದರೆ ಜಿಪಿಎಸ್ ಸಾಲುಗಳು ಅದರೊಂದಿಗೆ ಕಲಸಿಹೋಗುತ್ತವೆ. ಪೈನ ಹೊಂದಾಣಿಕೆಗಳನ್ನು ಬದಲಿಸುವ ರಾಸ್ಪಿ-ಕಾನ್ಫಿಗ್ ಪ್ರೋಗ್ರಾಮಿನಲ್ಲಿ ಕನ್ಸೋಲನ್ನು ಮುಚ್ಚಿ, ಪೋರ್ಟನ್ನು ಮಾತ್ರ ತೆರೆದಿಡಬೇಕು. ಪೈ 5 ಬಂದ ಮೇಲೆ ಹಳೆಯ ಪಾಠಗಳನ್ನು ನಂಬಿದವರಿಗೆ ಹೊಸ ಗೊಂದಲ ಉಂಟಾಗಿದೆ. ಸೀರಿಯಲ್0 ಎಂಬ ಹೆಸರು ಅದರಲ್ಲಿ ಬೋರ್ಡಿನ ಅಂಚಿನಲ್ಲಿರುವ ಮೂರು ಪಿನ್ನಿನ ಡೀಬಗ್ ಕನೆಕ್ಟರನ್ನು ಸೂಚಿಸುತ್ತದೆ. 14 ಮತ್ತು 15ನೆಯ ಜಿಪಿಐಒ ಪಿನ್‌ಗಳಿಗೆ ಜೋಡಿಸಿದ ಜಿಪಿಎಸ್ ಸಿಗುವುದು ಟಿಟಿವೈಎಎಂಎ0 ಹೆಸರಿನಲ್ಲಿ, ಅದೂ ಕಾನ್ಫಿಗ್ ಫೈಲಿನಲ್ಲಿ ಆ ಪೋರ್ಟನ್ನು ಚಾಲೂ ಮಾಡಿದ ಮೇಲೆ. ಜಿಪಿಎಸ್ ಏನನ್ನೂ ಹೇಳುತ್ತಿಲ್ಲವೆಂದು ಬೋರ್ಡನ್ನು ವಾಪಸು ಕಳಿಸುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಎರಡನೆಯ ತೊಡಕು ಮಾಹಿತಿಯ ವೇಗ. ಜಿಪಿಎಸ್ ಮಾಡ್ಯೂಲ್ ಆರಂಭದಲ್ಲಿ 9600 ಬಾಡ್ ವೇಗದಲ್ಲಿ, ಸೆಕೆಂಡಿಗೆ ಒಮ್ಮೆ ಸ್ಥಾನ ಹೇಳುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರಗಳು ಮಾತ್ರ ಸಾಗುತ್ತವೆ, ಆಗಸದಲ್ಲಿ ಕಾಣುವ ಉಪಗ್ರಹಗಳ ಪಟ್ಟಿಯೇ ಅದರಲ್ಲಿ ದೊಡ್ಡ ಪಾಲನ್ನು ತಿನ್ನುತ್ತದೆ. ಸೆಕೆಂಡಿಗೆ ಐದೋ ಹತ್ತೋ ಬಾರಿ ಸ್ಥಾನ ಬೇಕೆಂದರೆ ವೇಗವನ್ನು 115200ಕ್ಕೆ ಏರಿಸಬೇಕು, ಬೇಡದ ಸಾಲುಗಳನ್ನು ನಿಲ್ಲಿಸಬೇಕು. ಸಾಧ್ಯವಾದರೆ ಯು-ಬ್ಲಾಕ್ಸಿನದೇ ಆದ ಬೈನರಿ ಸಂದೇಶಕ್ಕೆ ಬದಲಾಗುವುದು ಇನ್ನೂ ಒಳ್ಳೆಯದು. ಸ್ಥಾನ, ವೇಗ, ದಿಕ್ಕು, ಸಮಯ ಮತ್ತು ಪ್ರತಿಯೊಂದರ ತಪ್ಪಿನ ಅಂದಾಜು ನೂರು ಬೈಟಿನ ಒಂದೇ ಸಂದೇಶದಲ್ಲಿ ಬರುತ್ತವೆ. ತಪ್ಪಿನ ಅಂದಾಜು ಬಹಳ ಮುಖ್ಯವಾದುದು, ಅಳತೆಗಳನ್ನು ಅವುಗಳ ನಂಬಿಕೆಗೆ ತಕ್ಕಂತೆ ಬೆಸೆಯುವ ಕಾಲ್ಮನ್ ಫಿಲ್ಟರ್ ಬರೆಯುವವರಿಗೆ ಜಿಪಿಎಸ್ಸನ್ನು ಎಷ್ಟು ನಂಬಬೇಕೆಂದು ತಿಳಿಯುವುದು ಅದರಿಂದಲೇ. ಈ ಮಾಡ್ಯೂಲಿನಲ್ಲಿ ಫ್ಲ್ಯಾಶ್ ಮೆಮೊರಿ ಇಲ್ಲ. ಸ್ವಲ್ಪ ಹೊತ್ತಿಗೆ ವಿದ್ಯುತ್ ಕೂಡಿಟ್ಟುಕೊಳ್ಳುವ, ಬೋರ್ಡಿನಲ್ಲಿರುವ ಸೂಪರ್ ಕೆಪಾಸಿಟರ್ ಖಾಲಿಯಾದಾಗ ನಾವು ಮಾಡಿದ ಹೊಂದಾಣಿಕೆಗಳು ಅಳಿಸಿಹೋಗುತ್ತವೆ. ಆದುದರಿಂದ ಪ್ರೋಗ್ರಾಂ ಪ್ರತಿ ಸಲ ಆರಂಭವಾದಾಗಲೂ ಅವುಗಳನ್ನು ಹೊಸದಾಗಿ ಕಳುಹಿಸಬೇಕು. ಅದೇ ಕೆಪಾಸಿಟರಿನಿಂದಾಗಿ ಚಹಾಕ್ಕೆಂದು ನಿಲ್ಲಿಸಿ ಮತ್ತೆ ಹೊರಟಾಗ ಸ್ಥಾನ ಕೆಲವೇ ಸೆಕೆಂಡುಗಳಲ್ಲಿ ಸಿಗುತ್ತದೆ.

ಇನ್ನು ಕಾಲದ ಹೊಂದಾಣಿಕೆ. ಜಿಪಿಎಸ್ ಸಂದೇಶ ನಮ್ಮ ಕೈಗೆ ಬರುವಾಗ ಅದರೊಳಗಿನ ಸ್ಥಾನ ಆಗಲೇ ಹಳೆಯದಾಗಿರುತ್ತದೆ. ಒಟ್ಟು ವಿಳಂಬ 0.2 ಸೆಕೆಂಡ್ ಇದ್ದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಮೂರು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಸಂದೇಶ ಬಂದ ಕ್ಷಣದ ಗೈರೋಸ್ಕೋಪ್ ಅಂಕಿಯೊಂದಿಗೆ ಅದನ್ನು ಜೋಡಿಸಿದರೆ ತಿರುವುಗಳಲ್ಲಿ ಲೆಕ್ಕ ಹಳಿ ತಪ್ಪುತ್ತದೆ. ಜಿಪಿಎಸ್ ಮಾಡ್ಯೂಲ್ ಪ್ರತಿ ಸೆಕೆಂಡಿನ ಆರಂಭಕ್ಕೆ ಒಂದು ವಿದ್ಯುತ್ ಮಿಡಿತವನ್ನು ಹೊರಡಿಸುತ್ತದೆ. ಅದನ್ನು ಪೈನ ಒಂದು ಪಿನ್ನಿಗೆ ತಂದು, ಲಿನಕ್ಸ್ ಕರ್ನಲ್ಲಿನಲ್ಲಿ ಇಂಥ ಮಿಡಿತವನ್ನು ಗುರುತಿಸುವ ಪಿಪಿಎಸ್ ವ್ಯವಸ್ಥೆಗೂ ಗಡಿಯಾರವನ್ನು ಸರಿಪಡಿಸುವ ಕ್ರೋನಿ ಪ್ರೋಗ್ರಾಮಿಗೂ ಒಪ್ಪಿಸಿದರೆ ಪೈನ ಗಡಿಯಾರ ಮೈಕ್ರೋಸೆಕೆಂಡುಗಳ ಮಟ್ಟದಲ್ಲಿ ಸರಿಯಾಗುತ್ತದೆ. ಆಮೇಲೆ ಸೆನ್ಸರಿನ ಪ್ರತಿ ಅಳತೆಗೂ ಸಮಯದ ಮುದ್ರೆ ಒತ್ತಿ ಇಟ್ಟುಕೊಂಡರೆ, ತಡವಾಗಿ ಬಂದ ಜಿಪಿಎಸ್ ಸಂದೇಶವನ್ನು ಅದು ಹುಟ್ಟಿದ ಕ್ಷಣದ ಅಳತೆಯೊಂದಿಗೆ ಕೂಡಿಸಬಹುದು. ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ವಿದ್ಯುತ್ ಇಲ್ಲದಾಗಲೂ ನಡೆಯುವ ಗಡಿಯಾರವೇ ಇಲ್ಲ, ಹೀಗಾಗಿ ಇಂಟರ್ನೆಟ್ ಸಿಗದ ಕಾಡುರಸ್ತೆಯಲ್ಲಿ ದಾಖಲೆಗೆ ಸರಿಯಾದ ದಿನಾಂಕ ಬರಬೇಕಾದರೂ ಜಿಪಿಎಸ್ಸೇ ಗತಿ.

ಕಾಂತಮಾಪಕದ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ನಿಂತ ವಾಹನದ ಮುಖ ಯಾವ ದಿಕ್ಕಿಗಿದೆ ಎಂದು ಹೇಳಬಲ್ಲದ್ದು ಈ ಬೋರ್ಡಿನಲ್ಲಿ ಅದೊಂದೇ, ಏಕೆಂದರೆ ಜಿಪಿಎಸ್ ಹೇಳುವ ದಿಕ್ಕಿಗೆ ಚಲನೆ ಬೇಕು. ದಕ್ಷಿಣ ಭಾರತದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ತಿರುನೆಲ್ವೇಲಿಯ ಸಮೀಪ ಹಾದುಹೋಗುವುದರಿಂದ ಕರ್ನಾಟಕದಲ್ಲಿ ಕಾಂತಕ್ಷೇತ್ರ ಬಹುಮಟ್ಟಿಗೆ ನೆಲಕ್ಕೆ ಸಮಾಂತರವಾಗಿದೆ. ಯೂರೋಪಿನಲ್ಲಿ ಅದು ಕಡಿದಾಗಿ ನೆಲದೊಳಕ್ಕೆ ಬಾಗಿರುತ್ತದೆ. ಬೋರ್ಡು ಸ್ವಲ್ಪ ಓರೆಯಾದಾಗ ದಿಕ್ಕಿನಲ್ಲಾಗುವ ತಪ್ಪು ಅಲ್ಲಿಗಿಂತ ಇಲ್ಲಿ ಬಹಳ ಕಡಿಮೆ. ಕಾಂತ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸವೂ ಬೆಂಗಳೂರಿನಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚಿಲ್ಲ. ಆದರೆ ಪೈನ ಮೇಲೆಯೇ ಕೂರುವ ಯಾವುದೇ ಬೋರ್ಡಿನ ಕಾಂತಮಾಪಕಕ್ಕೆ ಕೆಳಗಿನ ವಿದ್ಯುತ್ ಹರಿವು ತೀರ ಹತ್ತಿರದ ನೆರೆ. ಪ್ರೊಸೆಸರ್ ಕೆಲಸ ಹೆಚ್ಚಿಸಿಕೊಂಡಾಗಲೆಲ್ಲ ದಿಕ್ಕು ಕದಲುವುದನ್ನು ಪರದೆಯ ಮೇಲೆ ನೋಡಬಹುದು. ಬೋರ್ಡನ್ನು ಎಲ್ಲ ದಿಕ್ಕಿಗೂ ಹೊರಳಿಸಿ ಮಾಡುವ ಕ್ಯಾಲಿಬ್ರೇಷನ್ ಸ್ಥಿರವಾದ ಕಬ್ಬಿಣದ ಪ್ರಭಾವವನ್ನು ತೆಗೆಯುತ್ತದೆ, ಬದಲಾಗುವ ವಿದ್ಯುತ್ತಿನದನ್ನು ತೆಗೆಯುವುದಿಲ್ಲ. ಉದ್ದವಾದ ರಿಬ್ಬನ್ ಕೇಬಲ್ ಹಾಕಿ ಬೋರ್ಡನ್ನು ಪೈನಿಂದ ಒಂದು ಗೇಣು ದೂರ ಇಟ್ಟರೆ ಕಾಂತಮಾಪಕ ನೆಮ್ಮದಿಯಿಂದ ಕೆಲಸ ಮಾಡುತ್ತದೆ.

ಹಾಗೆ ದೂರ ಇಡುವುದರಿಂದ ಜಿಪಿಎಸ್ಸಿಗೂ ಲಾಭ. ಉಪಗ್ರಹದ ಸಂಕೇತ 1575.42 ಮೆಗಾಹರ್ಟ್ಝ್‌ನಲ್ಲಿ ಅತ್ಯಂತ ಕ್ಷೀಣವಾಗಿ ಬರುತ್ತದೆ, ಪೈನ ಯುಎಸ್‌ಬಿ 3 ಪೋರ್ಟುಗಳೂ ಎಚ್‌ಡಿಎಂಐ ತಂತಿಯೂ ರೇಡಿಯೊ ಗದ್ದಲದ ಮೂಲಗಳು. ಒಳಗಿನ ಚಿಪ್ ಆಂಟೆನಾ ಬಯಲಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಲ್ಲೇಶ್ವರದ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ಘಟ್ಟದ ದಟ್ಟ ಕಾಡಿನಲ್ಲಿ ಜಾಡು ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಹೊರಗಿನ ಆಂಟೆನಾವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಆಕಾಶಕ್ಕೆ ಮುಖ ಮಾಡಿಸಿ ಕೂರಿಸಿದಾಗ ಕಂಡ ಸುಧಾರಣೆ ಬೇರೆ ಯಾವ ಹೊಂದಾಣಿಕೆಯಿಂದಲೂ ಕಾಣಲಿಲ್ಲ. ಕೊಳ್ಳುವವರು ಆಂಟೆನಾದ ಖರ್ಚನ್ನೂ ಬೋರ್ಡಿನ ಬೆಲೆಯೊಳಗೇ ಎಣಿಸಿಕೊಳ್ಳುವುದು ಒಳ್ಳೆಯದು.

ಎತ್ತರದ ಅಳತೆಗೆ, ಗಾಳಿಯ ಒತ್ತಡವನ್ನು ಅಳೆಯುವ ಬಿಎಂಪಿ388 ನಿಜಕ್ಕೂ ಒಳ್ಳೆಯ ಚಿಪ್. ಅರ್ಧ ಮೀಟರಿನ ಆಸುಪಾಸಿನ ಏರಿಳಿತವನ್ನು ಅದು ಗುರುತಿಸುತ್ತದೆ, ಜಿಪಿಎಸ್ಸಿನ ಎತ್ತರ ಮಾತ್ರ ನಿಂತಲ್ಲೇ ಹಲವು ಮೀಟರ್ ಏರಿಳಿಯುತ್ತದೆ. ಹವಾಮಾನದಿಂದ ಒತ್ತಡ ನಿಧಾನವಾಗಿ ಬದಲಾಗುವುದರಿಂದ ದೀರ್ಘಾವಧಿಗೆ ಜಿಪಿಎಸ್, ಅಲ್ಪಾವಧಿಗೆ ವಾಯುಭಾರಮಾಪಕ ಎಂದು ಎರಡನ್ನೂ ಕೂಡಿಸಿದರೆ ಘಾಟಿಯ ಏರು ಅಚ್ಚುಕಟ್ಟಾಗಿ ಮೂಡುತ್ತದೆ. ಎರಡು ಸಂಗತಿಗಳನ್ನು ಮಾತ್ರ ಗಮನಿಸಬೇಕು. ಗಾಳಿಗೆ ಎದುರಾಗಿ ರಂಧ್ರವಿರುವ ಡಬ್ಬಿಯಲ್ಲಿ ಬೋರ್ಡನ್ನಿಟ್ಟು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಎದುರುಗಾಳಿಯ ಒತ್ತಡ ಒಂದೂವರೆ ಹೆಕ್ಟೋಪಾಸ್ಕಲ್‌ವರೆಗೆ ಸೇರಿಕೊಂಡು, ಬೆಂಗಳೂರಿನ ಎತ್ತರದಲ್ಲಿ ಹದಿಮೂರು ಹದಿನಾಲ್ಕು ಮೀಟರ್ ಕೆಳಗಿಳಿದಂತೆ ತೋರಿಸಬಹುದು. ರಂಧ್ರ ಹಿಂಬದಿಗೆ ಅಥವಾ ಮರೆಯಲ್ಲಿರಬೇಕು. ಎರಡನೆಯದು, ಜಿಪಿಎಸ್ ಮೂಲದಲ್ಲಿ ಲೆಕ್ಕ ಹಾಕುವ ಎತ್ತರ ಸಮುದ್ರಮಟ್ಟದಿಂದಲ್ಲ, ಭೂಮಿಯ ಆಕಾರಕ್ಕೆ ಹೊಂದಿಸಿದ ಒಂದು ಗಣಿತದ ದೀರ್ಘಗೋಳದಿಂದ. ಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಸಮುದ್ರಮಟ್ಟ ಆ ದೀರ್ಘಗೋಳಕ್ಕಿಂತ ನೂರು ಮೀಟರಿಗೂ ಕೆಳಗಿದ್ದು, ಭೂಮಿಯಲ್ಲೇ ಅತಿ ಆಳವಾದ ಆ ತಗ್ಗಿನ ಪ್ರಭಾವ ನಮ್ಮ ನಾಡಿನವರೆಗೂ ಚಾಚಿದೆ. ಬೆಂಗಳೂರಿನಲ್ಲಿ ಈ ಅಂತರ ಎಂಬತ್ತು ಮೀಟರಿಗಿಂತ ಹೆಚ್ಚು. ಸಂದೇಶದಲ್ಲಿ ಎರಡೂ ಬಗೆಯ ಎತ್ತರಗಳಿರುತ್ತವೆ. ತಪ್ಪಾದುದನ್ನು ಹೆಕ್ಕಿದರೆ ನಗರ ಅಷ್ಟು ತಗ್ಗಿಗೆ ಇಳಿದುಬಿಡುತ್ತದೆ.

ಭಾರತದ ಬಳಕೆದಾರರು ಕೇಳುವ ಒಂದು ಪ್ರಶ್ನೆಗೆ ಉತ್ತರ ನಿರಾಶಾದಾಯಕ. ಎಂ8 ಸರಣಿಯ ಮಾಡ್ಯೂಲ್ ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯೂರೋಪಿನ ಗೆಲಿಲಿಯೊ, ಚೀನಾದ ಬೈದೌ ಉಪಗ್ರಹಗಳನ್ನು ಬಳಸಬಲ್ಲದು, ಆದರೆ ಇಸ್ರೋದ ನಾವಿಕ್ ಉಪಗ್ರಹಗಳನ್ನು ಬಳಸಲಾರದು. ನಾವಿಕ್ ಆರಂಭದಿಂದ ಎಲ್5 ಮತ್ತು ಎಸ್ ತರಂಗಪಟ್ಟಿಗಳಲ್ಲಿ ಮಾತಾಡುತ್ತಿತ್ತು. ಈ ಮಾಡ್ಯೂಲ್ ಕೇಳುವ ಎಲ್1 ಪಟ್ಟಿಯ ಸಂಕೇತ ನಾವಿಕ್‌ಗೆ ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರವೂ ಬ್ಯಾಲಾಳಿನ ನ್ಯಾವಿಗೇಷನ್ ಕೇಂದ್ರವೂ ಇರುವ ನಾಡಿನಲ್ಲಿ ಹವ್ಯಾಸಿಗಳ ಬೋರ್ಡುಗಳಿಗೆ ನಾವಿಕ್ ಇನ್ನೂ ಅಪರೂಪವಾಗಿರುವುದು ನನಗೆ ಬೇಸರದ ವಿಷಯ. ಸಮಾಧಾನವೆಂದರೆ ಜಿಪಿಎಸ್ಸಿನ ತಪ್ಪನ್ನು ತಿದ್ದುವ ಸಂಕೇತಗಳನ್ನು ಉಪಗ್ರಹದಿಂದ ಕಳಿಸುವ ನಮ್ಮದೇ ಗಗನ್ ವ್ಯವಸ್ಥೆಯ ತಿದ್ದುಪಡಿಗಳನ್ನು ಈ ಮಾಡ್ಯೂಲ್ ಸ್ವೀಕರಿಸುತ್ತದೆ. ಉಪಗ್ರಹಗಳ ಪಟ್ಟಿಯಲ್ಲಿ 40 ಅಥವಾ 41 ಎಂಬ ಸಂಖ್ಯೆ ಕಂಡರೆ ಅದು ಗಗನ್ ಸಂಕೇತ ಹೊತ್ತ ಉಪಗ್ರಹ.

ಇದಕ್ಕಿಂತ ಅಗ್ಗದ ದಾರಿ ಇಲ್ಲವೇ ಎಂದರೆ ಇದೆ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ನಿಯೊ-6ಎಂ ಜಿಪಿಎಸ್ ಮಾಡ್ಯೂಲ್ ಮತ್ತು ಎಂಪಿಯು-6050 ಚಲನೆಯ ಸೆನ್ಸರ್ ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ; ಬೆರಿಜಿಪಿಎಸ್-ಐಎಂಯು ಬೋರ್ಡಿಗೆ ಅದರ ಹಲವು ಪಟ್ಟು ತೆರಬೇಕು. ಕಲಿಯಲು ಆ ಅಗ್ಗದ ಜೋಡಿ ಸಾಕು. ಆದರೆ ನಿಯೊ-6ಎಂ ಜಿಪಿಎಸ್ ಉಪಗ್ರಹಗಳನ್ನು ಮಾತ್ರ ಬಳಸುತ್ತದೆ, ಆಕಾಶ ಕಿರಿದಾದ ಜಾಗದಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ. ಕಾಂತಮಾಪಕ ಬೇಕೆಂದು ಎಚ್‌ಎಂಸಿ5883ಎಲ್ ಹೆಸರಿನ ಬೋರ್ಡು ಕೊಂಡರೆ ಅದರ ಮೇಲೆ ಬಹುತೇಕ ಕ್ಯೂಎಂಸಿ5883ಎಲ್ ಎಂಬ ಬೇರೆಯೇ ಚಿಪ್ ಇರುತ್ತದೆ. ಐ2ಸಿ ವಿಳಾಸವೂ ಬೇರೆ, ರಿಜಿಸ್ಟರುಗಳೂ ಬೇರೆ, ಹಳೆಯ ಲೈಬ್ರರಿ ಅದರ ಮೇಲೆ ಕೆಲಸ ಮಾಡುವುದಿಲ್ಲ. ಬೋರ್ಡಿನ ಮೇಲೆ ಯಾವ ಚಿಪ್ ಇದೆ ಎಂಬ ಭರವಸೆ, ಅದಕ್ಕೆ ಹೊಂದುವ ಪ್ರೋಗ್ರಾಂ ಮತ್ತು ಲಿಖಿತ ವಿವರಣೆ, ಇವು ಬೆರಿಜಿಪಿಎಸ್-ಐಎಂಯು ಬೋರ್ಡಿನ ಹೆಚ್ಚಿನ ಬೆಲೆಗೆ ಸಿಗುವ ಪ್ರತಿಫಲ.

ಗಣಿತ ಬರೆಯುವ ಇಚ್ಛೆಯೇ ಇಲ್ಲದವರು ಬೇರೆಯದನ್ನು ನೋಡುವುದು ಒಳಿತು. ಬಾಷ್‌ನ ಬಿಎನ್‌ಒ055 ತನ್ನೊಳಗೇ ಓರೆ ಮತ್ತು ದಿಕ್ಕಿನ ಲೆಕ್ಕ ಮುಗಿಸಿ ಸಿದ್ಧ ಕೋನಗಳನ್ನು ಕೊಡುತ್ತದೆ, ಆದರೆ ಹಳೆಯ ಪೈ ಮಾದರಿಗಳ ಐ2ಸಿ ಅದರ ನಿಧಾನಗತಿಯ ಉತ್ತರಕ್ಕೆ ಕಾಯಲಾರದೆ ಎಡವುವುದರಿಂದ ಅದನ್ನು ಸೀರಿಯಲ್ ಮೂಲಕ ಜೋಡಿಸಬೇಕಾಗುತ್ತದೆ. ಕಾರಿನಲ್ಲಿ ಸುರಂಗ, ಮೇಲ್ಸೇತುವೆಗಳ ಕೆಳಗೂ ಜಾಡು ತಪ್ಪಬಾರದೆನ್ನುವವರಿಗೆ ಯು-ಬ್ಲಾಕ್ಸಿನದೇ ನಿಯೊ-ಎಂ8ಯು ಮಾಡ್ಯೂಲ್ ಸೂಕ್ತ. ಚಲನೆಯ ಸೆನ್ಸರ್‌ಗಳು ಅದರೊಳಗೇ ಇದ್ದು, ಅಳತೆಗಳನ್ನು ಬೆಸೆಯುವ ಗಣಿತವನ್ನು ಅದೇ ಮಾಡಿ, ಸಂಕೇತ ತಪ್ಪಿದಾಗಲೂ ಅಂದಾಜಿನ ಸ್ಥಾನವನ್ನು ಕೊಡುತ್ತಾ ಹೋಗುತ್ತದೆ. ಅದರ ಲೆಕ್ಕ ಮುಖ್ಯವಾಗಿ ನಾಲ್ಕು ಚಕ್ರದ ವಾಹನದ ಚಲನೆಯನ್ನು ಊಹಿಸಿ ರೂಪಿಸಿದ್ದು. ನನ್ನಂತೆ ಎರಡು ಚಕ್ರದ ಮೇಲೆ ಓಡಾಡುವವರಿಗೆ ಕಚ್ಚಾ ಅಂಕಿಗಳನ್ನು ಕೊಡುವ ಬೆರಿಜಿಪಿಎಸ್-ಐಎಂಯು ಮಾದರಿಯ ಬೋರ್ಡೇ ಸರಿ.

ಬೋರ್ಡು ಕೈಗೆ ಬಂದ ದಿನವೇ ಮಾಡಬೇಕಾದ ಪರೀಕ್ಷೆ ಸರಳ. ಐ2ಸಿ ಡಿಟೆಕ್ಟ್ ಆಜ್ಞೆ ಕೊಟ್ಟಾಗ 1ಸಿ, 6ಎ, 77 ಎಂಬ ಮೂರು ವಿಳಾಸಗಳೂ ಕಾಣಬೇಕು. ಆಮೇಲೆ ಬೋರ್ಡನ್ನು ತಾರಸಿಗೆ ಒಯ್ದು, ಜಿಪಿಎಸ್ ಸಾಲುಗಳನ್ನು ಓದುವ ಜಿಪಿಎಸ್‌ಡಿ ಪ್ರೋಗ್ರಾಂ ಓಡಿಸಿ, ಅದು ಓದಿದ್ದನ್ನು ತೋರಿಸುವ ಸಿಜಿಪಿಎಸ್ ಪರದೆಯಲ್ಲಿ ಸ್ಥಾನ ಮೂಡುವವರೆಗೆ ಕಾಯಬೇಕು. ತೆರೆದ ಆಕಾಶದ ಕೆಳಗೆ ಅದಕ್ಕೆ ಸಾಮಾನ್ಯವಾಗಿ ಒಂದು ನಿಮಿಷವೂ ಬೇಡ. ಹೊರದೇಶದಿಂದ ತರಿಸಿಕೊಂಡವರು ಸುಂಕದ ರಸೀದಿಯನ್ನೂ ಪೊಟ್ಟಣವನ್ನೂ ಈ ಪರೀಕ್ಷೆ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.